ಗೋಡೆಗೆ ಕಿವಿಯಿದೆ, ಕನ್ನಡವಿಲ್ಲ

ಅಮೆರಿಕದ ಮಕ್ಕಳ ಮನೆಗೆ ಹೋಗಿ ಬಂದ ನಮ್ಮಂಥ ತಾಯಂದಿರು ಅಲ್ಲಿಯ ರಸ್ತೆ, ಹಿಮ, ಅಂಗಡಿಗಳ ಸುದ್ದಿ ಹೇಳುವುದು ವಾಡಿಕೆ. ನಾನು ಒಂದು ಕೈಗಡಿಯಾರದ ಸುದ್ದಿ ಹೇಳುತ್ತೇನೆ. ಹೇಳದಿದ್ದರೆ ಒಳಗಿನ ಕುದಿ ಆರುವುದಿಲ್ಲ.

ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಮಗ-ಸೊಸೆಯ ಜೊತೆಗಿದ್ದೆ. ಇಬ್ಬರೂ ಬೆಳಿಗ್ಗೆ ಹೊರಟರೆ ಬರುವುದು ಕತ್ತಲಾದ ಮೇಲೆ. ಅರವತ್ತೆಂಟರ ನನ್ನ ಕಾವಲಿಗೆ ಮಗ ಮೂರು ಯಂತ್ರ ತಂದ. ಬಿದ್ದರೆ ತಾನೇ ಫೋನು ಮಾಡುವ ಗಡಿಯಾರ, ಹಜಾರದಲ್ಲಿ ಕ್ಯಾಮೆರಾ, ಕರೆದರೆ ಓಗೊಡುವ ಪೆಟ್ಟಿಗೆ. "ಇನ್ನು ನನಗೆ ನಿಶ್ಚಿಂತೆ ಅಮ್ಮಾ" ಎಂದ. ನಿಶ್ಚಿಂತೆ ಅವನಿಗೆ. ನಿನಗೆ ಬೇಕೇ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಮಂಡಿನೋವಿನವಳು ನಾನು. ಚಪಾತಿ ಲಟ್ಟಿಸಲು ನೆಲಕ್ಕೆ ದೊಪ್ಪೆಂದು ಕೂತರೆ ಗಡಿಯಾರ "ಬಿದ್ದಿರಾ?" ಎಂದು ಇಂಗ್ಲಿಷಿನಲ್ಲಿ ಬಡಿದುಕೊಳ್ಳುತ್ತಿತ್ತು. ಎರಡು ಸಲ ಮಗ ಆಫೀಸಿನಿಂದ ಗಾಬರಿಯಲ್ಲಿ ಫೋನು ಮಾಡಿದ. ಮೂರನೆಯ ಸಲ, "ಅಮ್ಮಾ, ನೆಲದ ಮೇಲೆ ಕೂರಬೇಡ" ಎಂದ. ನಾವು ಕೂರುವ ರೀತಿಯನ್ನು ಯಂತ್ರ ಕಲಿಯುವುದಿಲ್ಲವಂತೆ, ನಾನೇ ನೆಲ ಬಿಡಬೇಕಂತೆ!

ನಿಜವಾಗಿ ಬಿದ್ದದ್ದು ಜನವರಿಯ ಒಂದು ಬೆಳಿಗ್ಗೆ, ಬಚ್ಚಲಲ್ಲಿ. ಸ್ನಾನಕ್ಕೆ, ಮಡಿಗೆ ಗಡಿಯಾರ ಬಿಚ್ಚಿಡುವವಳು ನಾನು. ಅದು ಮಂಚದ ಮೇಲಿತ್ತು. "ಅಯ್ಯೋ, ಯಾರಾದರೂ ಬನ್ರೋ" ಎಂದು ಕೂಗಿದೆ. ಇಂಗ್ಲಿಷ್, ಸ್ಪ್ಯಾನಿಷ್, ಹಿಂದಿ ಬಲ್ಲ ಪೆಟ್ಟಿಗೆಗೆ ಕನ್ನಡ ಬಾರದು. ಕ್ಯಾಮೆರಾ ಖಾಲಿ ಸೋಫಾ ನೋಡುತ್ತಿತ್ತು. ಮುಕ್ಕಾಲು ಗಂಟೆ ತೆವಳಿ, ಮುರಿದ ಮಣಿಕಟ್ಟಿನಲ್ಲೇ ಮಗನಿಗೆ ಫೋನು ಮಾಡಿದೆ.

ಇದು ಒಬ್ಬ ಮುದುಕಿಯ ದೂರು ಎನ್ನಬೇಡಿ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರು ಚರ್ಮದ ಮೂಲಕ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. ಬಿಳಿಯರಿಗೆ ಹೋಲಿಸಿದರೆ ಕಪ್ಪು ಜನರಲ್ಲಿ ಆಮ್ಲಜನಕದ ಕೊರತೆ ಅದರ ಕಣ್ಣಿಗೆ ಬೀಳದೆ ಹೋಗುವುದು ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿತು. ತೂಕದ ಲೆಕ್ಕವೂ ಅಷ್ಟೆ. ಏಷ್ಯಾದವರಿಗೆ ದೇಹತೂಕದ ಸೂಚ್ಯಂಕ 23 ಆದರೇ ಎಚ್ಚರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದರು. 2015ರಲ್ಲಿ ಅಮೆರಿಕದ ಮಧುಮೇಹ ಸಂಘವೂ ಒಪ್ಪಿತು. ಮಗನ ಮನೆಯ ತೂಕದ ಯಂತ್ರ ಮಾತ್ರ ಸಕ್ಕರೆ ಕಾಯಿಲೆಯ ನನಗೆ 24ಕ್ಕೂ ಹಸಿರು ದೀಪ ತೋರಿಸುತ್ತಿತ್ತು. ಯಾರ ಮೈ ನೋಡಿ ಮಾಡಿದ ಯಂತ್ರಗಳು ಇವು?

ಮಕ್ಕಳನ್ನೇ ದೂರಲಾರೆ. ಅಲ್ಲಿ 65 ದಾಟಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆಯಿದೆ. ತಾನಾಗಲಿ ಗಂಡನಾಗಲಿ ಅಲ್ಲಿ ದುಡಿಯದ ತಾಯಿಗೆ, ಗ್ರೀನ್ ಕಾರ್ಡ್ ಸಿಕ್ಕಿದ ಮೇಲೂ, ಐದು ವರ್ಷ ಸತತವಾಗಿ ಅಲ್ಲಿದ್ದರೆ ಮಾತ್ರ ಅದು. ಅದಕ್ಕೂ ಕಂತು ಕಟ್ಟಬೇಕು. ಡಾಕ್ಟರ ಬಳಿ ಹೋಗಲು ಹೆದರುವ ಮನೆಗೆ ಯಂತ್ರ ಸುಲಭವಾಗಿ ನುಗ್ಗುತ್ತದೆ.

ಯಂತ್ರಗಳ ವೈರಿ ನಾನಲ್ಲ. ಬಿ.ಪಿ. ನೋಡುವ ಯಂತ್ರ ಇಂದಿಗೂ ನನ್ನ ತಲೆದಿಂಬಿನ ಪಕ್ಕದಲ್ಲಿದೆ. ಅದನ್ನು ನಾನು ನೋಡುತ್ತೇನೆ, ಅದು ನನ್ನನ್ನು ನೋಡುವುದಿಲ್ಲ. ನನ್ನ ಜಗಳ ಇಷ್ಟೇ: ಬಚ್ಚಲಿಗೆ ಒಂದು ಹಿಡಿಕಂಬಿ ಹಾಕಿಸಲು ತೋಚದವರಿಗೆ ಹಜಾರಕ್ಕೆ ಕ್ಯಾಮೆರಾ ಹಾಕಿಸಲು ಹೇಗೆ ತೋಚಿತು?

ಬಿದ್ದ ಮೇಲೆ ಕಂಬಿ ಬಂತು. ಪಕ್ಕದ ಮನೆಯ ಗುಜರಾತಿ ಬೆನ್ ದಿನಾ ಹನ್ನೊಂದಕ್ಕೆ ಬಂದು ಬಾಗಿಲು ಬಡಿಯತೊಡಗಿದಳು. ಅವಳಿಗೆ ಕನ್ನಡ ಬಾರದು, ನನಗೆ ಗುಜರಾತಿ ಬಾರದು. ಆದರೆ ನಾನು ಬಾಗಿಲು ತೆಗೆಯದಿದ್ದರೆ ಏನೋ ಆಗಿದೆಯೆಂದು ಅವಳಿಗೆ ತಿಳಿಯುತ್ತಿತ್ತು.

ನಿಮ್ಮ ಮಗನೋ ಮಗಳೋ ಅಂಥ ಗಡಿಯಾರ ತಂದರೆ ಬೇಡ ಎನ್ನಬೇಡಿ. ಇದಕ್ಕೆ ನನ್ನ ಭಾಷೆ ಬರುತ್ತದೆಯೇ, ಇದು ನೋಡಿದ್ದನ್ನು ಯಾರಿಗೆ ಹೇಳುತ್ತದೆ, ಬೇಡವಾದಾಗ ನಾನೇ ಆರಿಸಬಹುದೇ ಎಂದು ಕೇಳಿ. ಉತ್ತರ ಬರುವವರೆಗೆ ಕೈ ಮುಂದೆ ಮಾಡಬೇಡಿ.