ಕೋವಿಯ ಮೈಮೇಲಿನ ವಿಳಾಸ

ಹಳೆಯ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದ ಕತ್ತಿಯೋ ಕೋವಿಯೋ ಸಿಕ್ಕಿತೆನ್ನಿ. ನಮ್ಮವರು ಮೊದಲು ಮಾಡುವ ಕೆಲಸವೆಂದರೆ ಹುಣಿಸೆಹಣ್ಣು, ಮರಳುಕಾಗದ ಹಿಡಿದು ತಿಕ್ಕುವುದು. ವಸ್ತುವೇನೋ ಹೊಳೆಯುತ್ತದೆ. ಆದರೆ ಅದರ ಮೇಲಿದ್ದ ಬರಹ ಅಳಿಸಿಹೋಗುತ್ತದೆ. ಅದು ಯಾರದು, ಎಲ್ಲಿಂದ ಬಂತು ಎಂಬುದಕ್ಕೆ ಇದ್ದ ಒಂದೇ ಸಾಕ್ಷಿ ಆ ಬರಹವಾಗಿರಬಹುದು.

ಜರ್ಮನಿಯ ಹಳೆಯ ಸೈನ್ಯದ ಕಾರ್ಬೈನನ್ನೇ ನೋಡಿ. ಕಾರ್ಬೈನ್ ಎಂದರೆ ಕುದುರೆ ಸವಾರರಿಗಾಗಿ ಮಾಡಿದ ಗಿಡ್ಡ ಕೋವಿ. ಭುಜಕ್ಕೆ ತಾಗುವ ಲೋಹದ ಪಟ್ಟಿಯ ಮೇಲೋ, ನಳಿಗೆಯನ್ನು ಹಿಡಿದ ಬಳೆಯ ಮೇಲೋ '5. ಯು. 3. 72' ಎಂದು ಒತ್ತಿದ್ದರೆ ಅದನ್ನು ಅಂಚೆ ವಿಳಾಸದಂತೆ ಓದಬೇಕು: 5ನೆಯ ಉಲಾನ್ ರೆಜಿಮೆಂಟು, 3ನೆಯ ತುಕಡಿ, 72ನೆಯ ಆಯುಧ. ಉಲಾನರೆಂದರೆ ಭರ್ಚಿ ಹಿಡಿದ ಸವಾರರು. 'ಯು' ಇರುವಲ್ಲಿ 'ಡಿ' ಇದ್ದರೆ ಡ್ರಗೂನ್, 'ಎಚ್' ಇದ್ದರೆ ಹುಸಾರ್. ಮೊದಲಿಗೇ 'ಬಿ' ಬಂದರೆ ಅದು ಬವೇರಿಯದ ಸೈನ್ಯ. 1877ರ ನಿಯಮದಲ್ಲಿ ಈ ಪದ್ಧತಿಯಿತ್ತು; 1909ರಲ್ಲಿ ಅದನ್ನು ಪರಿಷ್ಕರಿಸಿದರು.

ಎಲ್ಲ ಗುರುತೂ ದಳದ ಗುರುತಲ್ಲ. ಕಿರೀಟದ ಕೆಳಗೆ 'ಎರ್ಫುರ್ಟ್' ಎಂದಿದ್ದರೆ ಅದು ಕಾರ್ಖಾನೆಯ ಊರು. ಕಿರೀಟದ ಕೆಳಗೆ ಒಂದೇ ಅಕ್ಷರವಿದ್ದರೆ ತಪಾಸಣೆ ಮಾಡಿದವರ ಮುದ್ರೆ. ಉದ್ದನೆಯ ಸಂಖ್ಯೆ ಕಾರ್ಖಾನೆ ಕೊಟ್ಟದ್ದು. ಒಂದು ಗುರುತಿನ ಮೇಲೆ ಗೆರೆ ಎಳೆದಿದ್ದರೆ ಗೀರೆಂದು ತಿಳಿಯಬೇಡಿ. ಆಯುಧ ಬೇರೆ ದಳಕ್ಕೆ ಹೋದಾಗ ಹಳೆಯ ವಿಳಾಸವನ್ನು ಹೀಗೆ ಹೊಡೆದುಹಾಕುತ್ತಿದ್ದರು.

ಇದೆಲ್ಲ ನಮಗೇಕೆ ಎಂದು ಭಾಲ್ಕಿಯಲ್ಲೋ ಔರಾದಿನಲ್ಲೋ ಕುಳಿತ ವಿದ್ಯಾರ್ಥಿ ಕೇಳಬಹುದು. ಬೀದರ್ ಆಗ ನಿಜಾಮರ ರಾಜ್ಯದಲ್ಲಿತ್ತು. ಹೈದರಾಬಾದ್ ಕಂಟಿಂಜೆಂಟಿನಿಂದ ಬೆಳೆದ 20ನೆಯ ಡೆಕ್ಕನ್ ಹಾರ್ಸ್ ದಳ 1916ರ ಜುಲೈ 14ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಭರ್ಚಿ ಹಿಡಿದು ಜರ್ಮನರ ಮೇಲೆ ನುಗ್ಗಿತು. ಹೈದರಾಬಾದ್, ಮೈಸೂರು, ಜೋಧಪುರಗಳ ಲ್ಯಾನ್ಸರ್‌ಗಳು ಪ್ಯಾಲೆಸ್ಟೈನಿನಲ್ಲಿ ಒಂದೇ ಬ್ರಿಗೇಡಿನಲ್ಲಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದದ್ದು ಮೈಸೂರು, ಜೋಧಪುರದ ಸವಾರರು. ದಿಲ್ಲಿಯ ತೀನ್ ಮೂರ್ತಿಯ ಮೂವರು ಈ ಮೂರು ರಾಜ್ಯಗಳ ಪ್ರತಿನಿಧಿಗಳು.

ಅಲ್ಲಿ ಎದುರಾಳಿ ತುರ್ಕರ ಕೈಯಲ್ಲಿದ್ದುದೂ ಜರ್ಮನಿಯ ಓಬರ್ನ್‌ಡಾರ್ಫ್‌ನಲ್ಲಿ ತಯಾರಾದ ಮೌಸರ್ ಕೋವಿಗಳೇ. ಅವುಗಳ ಮೇಲಿನ ಬರಹ ಮಾತ್ರ ಅರಬ್ಬಿ ಲಿಪಿಯಲ್ಲಿರುತ್ತಿತ್ತು. ಬೆಂಗಳೂರಿನ ಹುಡುಗನಿಗೆ ಅದು ಕಗ್ಗಂಟಾದೀತು. ಉರ್ದು ಓದಬಲ್ಲ ಹಿರಿಯರಿರುವ ಬೀದರಿನ ಮನೆಯಲ್ಲಿ ಅಂಕಿಗಳನ್ನಾದರೂ ಓದಿ ಹೇಳುವವರು ಸಿಗುತ್ತಾರೆ.

ಅಂಥದ್ದೇನಾದರೂ ಮನೆಯಲ್ಲಿದ್ದರೆ ಪಾಲಕರಿಗೆ ಒಂದು ಮಾತು. ಮಕ್ಕಳು ಮುಟ್ಟುವ ಮೊದಲು ಪೊಲೀಸ್ ಠಾಣೆಗೆ ತಿಳಿಸಿ. ರಿಪೇರಿ ಮಾಡಿದರೂ ಹಾರದಂಥ ಪುರಾತನ ಕೋವಿಗೆ 1959ರ ಆಯುಧ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಅದು ಹಾರುತ್ತದೋ ಇಲ್ಲವೋ ಎಂದು ನೋಡುವ ಕೆಲಸ ನಿಮ್ಮದಲ್ಲ.

ಓದುವ ಅಭ್ಯಾಸಕ್ಕೆ ಬೀದರ್ ಕೋಟೆಯ ತೋಪುಗಳು ಸಾಕು. ಕೆಲವು ತೋಪುಗಳ ಮೇಲೆ ಪಾರಸಿ ಬರಹಗಳಿವೆ. ಹೈದರಾಬಾದ್ ಪುರಾತತ್ವ ಇಲಾಖೆಯ ಗುಲಾಮ್ ಯಜ್ದಾನಿ 1947ರಲ್ಲಿ ಪ್ರಕಟವಾದ ತಮ್ಮ ಬೀದರ್ ಗ್ರಂಥದಲ್ಲಿ ಇವನ್ನು ವಿವರಿಸಿದ್ದಾರೆ. ಕೋವಿಯಂತೆ ತೋಪಿಗೂ ಕೇಳಬೇಕಾದ ಪ್ರಶ್ನೆ ಇವೇ: ಯಾರು ಮಾಡಿದ್ದು, ಯಾರದು, ಯಾವಾಗಿನದು? ಕಾಲ ಹಿಜರಿ ಶಕೆಯಲ್ಲಿದ್ದರೆ 0.97ರಿಂದ ಗುಣಿಸಿ 622 ಕೂಡಿಸಿ. ಹಿಜರಿ 988 ಎಂದರೆ ಸುಮಾರು 1580. ತೋಪಿನ ಮೇಲೆ ಸುಣ್ಣ ಬಳಿಯಬೇಡಿ, ಕಾಗದ ಒತ್ತಬೇಡಿ. ಬೆಳಗಿನ ಏಳು ಗಂಟೆಯ ಓರೆ ಬಿಸಿಲಿನಲ್ಲಿ ಒಂದು ಫೋಟೋ ತೆಗೆಯಿರಿ; ನೆತ್ತಿಯ ಬಿಸಿಲಿಗೆ ಕಾಣದ ಅಕ್ಷರಗಳೂ ಆಗ ಎದ್ದು ಕಾಣುತ್ತವೆ.