ಒಡವೆಯೋ, ನಾಣ್ಯವೋ?



ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಉಳಿದರೆ ಒಂದಿಷ್ಟು ಚಿನ್ನ ಕೊಳ್ಳುವುದು ನಮ್ಮಲ್ಲಿ ವಾಡಿಕೆ. ಮದುವೆಗೆ ಒಡವೆ ಬೇಕು, ಒಪ್ಪೋಣ. ಆದರೆ ಆಪತ್ಕಾಲಕ್ಕೆಂದು ಕೊಳ್ಳುವ ಚಿನ್ನಕ್ಕೆ ನಾಣ್ಯವೇ ಮೇಲು.

ಒಡವೆಗೆ ಕೊಟ್ಟ ಕೂಲಿ, ವೇಸ್ಟೇಜ್ ಮಾರುವಾಗ ಮರಳಿ ಬರುವುದಿಲ್ಲ. ಇವೆರಡೂ ಸೇರಿ ನೂರಕ್ಕೆ 12 ಬಿದ್ದಿತೆನ್ನಿ. 8 ಗ್ರಾಂ ಸರಕ್ಕೆ ಹೆಚ್ಚುಕಡಿಮೆ ಒಂದು ಗ್ರಾಂ ಚಿನ್ನದ ಹಣವೇ ಹೋಯಿತು. ನಾಣ್ಯಕ್ಕೆ ಸಾಮಾನ್ಯವಾಗಿ ಕೂಲಿ ಕಡಿಮೆ. ಶೇಕಡಾ 3ರ ಜಿ.ಎಸ್.ಟಿ. ಮಾತ್ರ ಎರಡಕ್ಕೂ ತಪ್ಪದು.

ನಾಣ್ಯ ಚಿಕ್ಕದಾದಷ್ಟೂ ಗ್ರಾಂ ಲೆಕ್ಕದಲ್ಲಿ ಕೂಲಿ ಹೆಚ್ಚು. ಆದ್ದರಿಂದ ಅರ್ಧ ಗ್ರಾಂನ ನಾಲ್ಕು ನಾಣ್ಯ ಕೊಳ್ಳುವ ಬದಲು ಹಣ ಕೂಡಿಟ್ಟು 2 ಗ್ರಾಂನ ಒಂದನ್ನೇ ಕೊಳ್ಳಿರಿ. ಬಿ.ಐ.ಎಸ್. ಮುದ್ರೆ ನೋಡಿರಿ. 24 ಕ್ಯಾರಟ್ಟಿನದಕ್ಕೆ 999, 22 ಕ್ಯಾರಟ್ಟಿನದಕ್ಕೆ 916 ಎಂದಿರುತ್ತದೆ. ತೂಕ, ಶುದ್ಧತೆ, ಕೂಲಿ ಬೇರೆ ಬೇರೆಯಾಗಿ ಬರೆದ ಬಿಲ್ಲು ಪಡೆದು ಜೋಪಾನವಾಗಿಡಿ.

ಬ್ಯಾಂಕಿನಲ್ಲಿ ಕೊಂಡರೆ ಬ್ಯಾಂಕೇ ಮರಳಿ ಕೊಳ್ಳುತ್ತದೆಂದು ನಂಬಬೇಡಿ. ರಿಸರ್ವ್ ಬ್ಯಾಂಕಿನ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ಮಾರಲು ಚಿನ್ನದಂಗಡಿಗೇ ಹೋಗಬೇಕು. ಮರಳಿ ಕೊಳ್ಳುವಾಗ ಎಷ್ಟು ಮುರಿದುಕೊಳ್ಳುತ್ತೀರೆಂದು ಕೊಳ್ಳುವ ದಿನವೇ ಕೇಳಿರಿ.

ಕೊನೆಯ ಮಾತು. ತಿಂಗಳಿಗೆ ನೂರಕ್ಕೆ ಮೂರರ ಕೈಸಾಲವಿದ್ದರೆ ವರ್ಷಕ್ಕೆ ನೂರಕ್ಕೆ 36 ಬಡ್ಡಿ ಬೆಳೆಯುತ್ತದೆ. ಪೆಟ್ಟಿಗೆಯಲ್ಲಿಟ್ಟ ಚಿನ್ನ ಬಡ್ಡಿ ತರುವುದಿಲ್ಲ. ಅದರ ಬೆಲೆ ಏರಲೂಬಹುದು, ಇಳಿಯಲೂಬಹುದು. ಮೊದಲು ಸಾಲ ತೀರಲಿ, ಮುಂಗಾರಿನ ಬೀಜ ಗೊಬ್ಬರಕ್ಕೆ ಹಣ ಎತ್ತಿಡಿ. ಆಮೇಲೆ ಉಳಿದದ್ದರಲ್ಲಿ ನಾಣ್ಯ.