ನಕ್ಷೆ ಸುಡಬೇಡಿ, ಬಚ್ಚಿಡಲೂ ಬೇಡಿ

ಹಳೇ ಕಂಪ್ಯೂಟರನ್ನು ಮತ್ತೆ ಕಟ್ಟುವ ಹವ್ಯಾಸಿಗಳ ಸುದ್ದಿ ಬಂದಾಗೆಲ್ಲ ಒಂದು ಮಾತು ಕೇಳುತ್ತೇವೆ: "ಇವರಿಗೆ ಬೇರೆ ಕೆಲಸ ಇಲ್ವಾ? ನಮ್ಮ ಕೈಲಿರೋ ಮೊಬೈಲೇ ಅದಕ್ಕಿಂತ ಜೋರು." ಮೊಬೈಲು ಜೋರು, ನಿಜ. ಆದರೆ ಅವರ ಕೆಲಸ ದಂಡ ಅನ್ನುವುದನ್ನು ನಾವು ಒಪ್ಪುವುದಿಲ್ಲ. ಕೊಲೊಸಸ್ ಯಂತ್ರದ ಕಥೆ ಕೇಳಿ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಸೇನಾಧಿಕಾರಿಗಳ ಗುಪ್ತ ಸಂದೇಶ ಬಿಡಿಸಲು ಇಂಗ್ಲೆಂಡಿನಲ್ಲಿ ಕಟ್ಟಿದ ಯಂತ್ರ ಅದು. ಕಟ್ಟಿದವರು ಟಾಮಿ ಫ್ಲವರ್ಸ್ ಮತ್ತು ತಂಡ. ಫ್ಲವರ್ಸ್ ಅಲ್ಲಿನ ಅಂಚೆ ಇಲಾಖೆಯ ಟೆಲಿಫೋನ್ ಎಂಜಿನಿಯರ್. ಹಳೇ ರೇಡಿಯೊದಲ್ಲಿ ಇರುತ್ತಿದ್ದವಲ್ಲ ವಾಲ್ವುಗಳು, ಅಂಥವು ಮೊದಲ ಯಂತ್ರದಲ್ಲಿ ಸುಮಾರು 1,500 ಇದ್ದವು. 1944ರಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಕೆಲಸ ಶುರುವಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿ 10 ಯಂತ್ರಗಳಿದ್ದವು.

ಆಮೇಲೆ ಬಹುಪಾಲು ಯಂತ್ರಗಳನ್ನು ಬಿಚ್ಚಿ ಹಾಕಿದರು. ನಕ್ಷೆಗಳನ್ನು ಸುಡಬೇಕೆಂಬ ಆದೇಶ ಫ್ಲವರ್ಸ್ ಅವರಿಗೇ ಬಂತು. ತಮ್ಮ ಕೈಯಾರೆ ಬೆಂಕಿಗೆ ಹಾಕಿದರು. 1970ರ ದಶಕದವರೆಗೆ ಆ ಯಂತ್ರದ ಬಗ್ಗೆ ಯಾರೂ ಬಾಯಿ ಬಿಡುವಂತಿರಲಿಲ್ಲ.

1993ರಲ್ಲಿ ಟೋನಿ ಸೇಲ್ ಎಂಬವರು ಅದನ್ನು ಮತ್ತೆ ಕಟ್ಟಲು ಹೊರಟರು. ಜೊತೆಗೆ ಸ್ವಯಂಸೇವಕರ ತಂಡ. ಅವರ ಹತ್ತಿರ ಇದ್ದದ್ದು ಕೆಲವೇ ಹಳೇ ಫೋಟೊ, ಹಳೇ ಎಂಜಿನಿಯರುಗಳ ನೆನಪು, ಮತ್ತು ಅವರಲ್ಲಿ ಕೆಲವರು ನಿಯಮ ಮೀರಿ ಇಟ್ಟುಕೊಂಡಿದ್ದ ನಕ್ಷೆಯ ಚೂರುಗಳು. ಬಿಡಿಭಾಗಗಳಿಗೆ ಹಳೇ ಟೆಲಿಫೋನ್ ಎಕ್ಸ್‌ಚೇಂಜುಗಳೇ ಗತಿ. 1996ರಲ್ಲಿ ಯಂತ್ರ ಚಾಲೂ ಆಯಿತು, ಪೂರ್ತಿಯಾದದ್ದು 2007ರಲ್ಲಿ.

ಮೊದಲ ಯಂತ್ರಕ್ಕೆ ಹಿಡಿದದ್ದು ಒಂದು ವರ್ಷಕ್ಕೂ ಕಡಿಮೆ. ನಕ್ಷೆ ಇಲ್ಲದೆ ಮತ್ತೆ ಕಟ್ಟಲು 14 ವರ್ಷ! ಫ್ಲವರ್ಸ್ ಬೆನ್ನಿಗೆ ಸರ್ಕಾರದ ಹಣ, ಜನ ಇತ್ತು, ಸರಿ. ಆದರೂ ನಕ್ಷೆ ಸುಟ್ಟವರು ಸುಟ್ಟದ್ದು ಬರೀ ಕಾಗದವಲ್ಲ, ಮುಂದಿನವರ ವರ್ಷಗಟ್ಟಲೆ ದುಡಿಮೆಯನ್ನು. ಆದೇಶ ಮೀರಿ ಚೂರು ಉಳಿಸಿದವರಿಂದಲೇ ಆ ವಿದ್ಯೆ ಉಳಿಯಿತು.

ಯುದ್ಧದ ಗುಟ್ಟು ಕಾಯಬೇಕಿತ್ತು ಅನ್ನಬಹುದು. ಹಾಗಾದರೆ ನಮ್ಮ ಹೊಲದ ಮೋಟಾರಿನ ಸ್ಟಾರ್ಟರ್ ಬೋರ್ಡಿನಲ್ಲಿ ಯಾವ ಯುದ್ಧದ ಗುಟ್ಟಿದೆ? "ಬೋರ್ಡ್ ಹೋಗಿದೆ, ಈ ಮಾಡೆಲ್ ಈಗ ಬರಲ್ಲ, ಹೊಸದು ತಗೊಳ್ಳಿ" ಅನ್ನುತ್ತಾರೆ. ನಕ್ಷೆ ಸಿಕ್ಕಿದ್ದರೆ ಊರಿನ ರಿಪೇರಿ ಅಂಗಡಿಯವನೇ ಸರಿ ಮಾಡುತ್ತಿದ್ದ.

ವಿದ್ಯೆ ಹಂಚಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ರೂಪಿಸಿದ 128 ಪೋರ್ಟಿನ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಚಾಲೂ ಆದದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಅದಕ್ಕೆ ಎಸಿ ಕೋಣೆ ಬೇಕಿರಲಿಲ್ಲ. ಅದೂ ಒಂದು ಬಗೆಯ ಕಂಪ್ಯೂಟರೇ. ವಿನ್ಯಾಸವನ್ನು ಹಲವು ಕಾರ್ಖಾನೆಗಳಿಗೆ ಕೊಟ್ಟರು, ಎಕ್ಸ್‌ಚೇಂಜ್ ಹಳ್ಳಿ ಹಳ್ಳಿಗೆ ಬಂತು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಒಂದು ಯಂತ್ರದ ತಯಾರಿ, ಬಿಡಿಭಾಗ ನಿಲ್ಲಿಸಿದ ದಿನವೇ ಅದರ ನಕ್ಷೆ ಜನರ ಕೈಗೆ ಬರಬೇಕು. ಇದನ್ನು ಕಂಪನಿಯ ದಯೆಗೆ ಬಿಡದೆ ಕಾನೂನು ಮಾಡಬೇಕು. ಅಲ್ಲಿಯವರೆಗೆ ನೀವೂ ಒಂದು ಕೆಲಸ ಮಾಡಿ: ಹಳೇ ಯಂತ್ರ ಗುಜರಿಗೆ ಹಾಕುವ ಮುಂಚೆ ಬೋರ್ಡಿನ ಎರಡೂ ಬದಿಯ ಫೋಟೊ ತೆಗೆದಿಡಿ, ಜೊತೆಗೆ ಬಂದ ಪುಸ್ತಕ ಎಸೆಯಬೇಡಿ.